ಶಬರಿಮಲೆಗೆ ಹೊರಟಿದ್ದೇವೆ, ಮೂಗಿಗೆ ಕ್ಲಿಪ್ ನಿಜವಾಗಿ ಬೇಕಾ?

ವಿಜಯನಗರದಿಂದ: ಮಾಲೆ ಹಾಕಿ ತಿಂಗಳಾಯಿತು, ಮುಂದಿನ ವಾರ ಇರುಮುಡಿ. ಒಂಬತ್ತು ವರ್ಷದ ಮಗ ಈ ಸಲ ಕನ್ನಿಸ್ವಾಮಿ. 'ಮೆದುಳು ತಿನ್ನುವ ಅಮೀಬಾ' ಸುದ್ದಿ ನೋಡಿ ಅವನಮ್ಮ ಬೇಡವೇ ಬೇಡ ಅಂತಿದ್ದಾಳೆ. ಹೋಗಿಬಂದವರು ಹೇಳಿ.

ಬನಶಂಕರಿಯಿಂದ: ಸ್ವಾಮಿ ಶರಣಂ. ನಿಂತ ನೀರಲ್ಲಿ ಸ್ನಾನ ಮಾಡುವಾಗ ಮೂಗಿಗೆ ಕ್ಲಿಪ್ ಹಾಕಿ, ಇಲ್ಲವೇ ಬಿಗಿಯಾಗಿ ಹಿಡಿದುಕೊಳ್ಳಿ ಅಂತ 2025ರ ನವೆಂಬರ್‌ನಲ್ಲಿ ನಮ್ಮ ಆರೋಗ್ಯ ಇಲಾಖೆಯೇ ಯಾತ್ರಿಗಳಿಗೆ ಹೇಳಿತ್ತು. ನಾನೂ ಈಜುವವರ ಕ್ಲಿಪ್ ತಗೊಂಡೆ. ನಂದು ಎಣ್ಣೆ ಮೂಗು, ಎರಡೇ ನಿಮಿಷಕ್ಕೆ ಜಾರಿ ಪಂಪೆ ಪಾಲಾಯಿತು! ಆಮೇಲೆ ಮುಳುಗಲೇ ಇಲ್ಲ. ಮೊಣಕಾಲುದ್ದ ನೀರಲ್ಲಿ ನಿಂತು ಚೊಂಬಿನಿಂದ ಭುಜಕ್ಕೆ ಹಾಕಿಕೊಂಡೆ, ತಲೆಗೆ ಪ್ರೋಕ್ಷಣೆ ಅಷ್ಟೆ. ಗುರುಸ್ವಾಮಿ ಏನೂ ಅನ್ನಲಿಲ್ಲ.

ಇದು ಕುಡಿದರೆ ಬರುವ ಕಾಯಿಲೆ ಅಲ್ಲ. (ಹಾಗಂತ ಹೊಳೆ ನೀರು ಕುಡಿಯಬೇಡಿ, ಅದಕ್ಕೆ ಬೇರೆ ಕಾಯಿಲೆಗಳಿವೆ.) ಒಬ್ಬರಿಂದ ಒಬ್ಬರಿಗೂ ಹರಡುವುದಿಲ್ಲ. ಮೂಗಿನೊಳಗೆ ನೀರು ನುಗ್ಗಿದಾಗ ನೇಗ್ಲೇರಿಯಾ ಫೌಲೇರಿ ಅನ್ನುವ ಈ ಅಮೀಬಾ ವಾಸನೆಯ ನರದ ಜಾಡು ಹಿಡಿದು ಮೆದುಳಿಗೆ ಹೋಗುತ್ತದೆ. ಮಕ್ಕಳು ಧುಮುಕುವುದು, ಮುಳುಗಿ ಏಳುವುದು, ಅಲ್ಲೇ ಅಪಾಯ. ಹರಿಯುವ ಪಂಪೆಗಿಂತ ದಾರಿಯಲ್ಲಿ ಸಿಗುವ ಬೆಚ್ಚಗಿನ ಪಾಚಿ ಕೆರೆಗಳೇ ನನಗೆ ಜಾಸ್ತಿ ಭಯ.

ಮಲ್ಲೇಶ್ವರದಿಂದ: ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಾಗಿ ಒಂದು ಮಾತು. ಬಹಳ ಅಪರೂಪದ ಕಾಯಿಲೆ, ಆದರೆ ಬಂದರೆ ನೂರಕ್ಕೆ 97 ಜನ ಉಳಿಯುವುದಿಲ್ಲ. ವಾಪಸ್ ಬಂದು 12 ದಿನದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕತ್ತು ಬಿಗಿತ ಕಂಡರೆ ಮಾತ್ರೆ ನುಂಗಿ ಮಲಗಬೇಡಿ. 'ಇಂಥ ಕಡೆ ಸ್ನಾನ ಮಾಡಿದ್ದೆವು' ಅಂತ ಡಾಕ್ಟರಿಗೆ ನೀವೇ ಹೇಳಿ. ನೋಡಲು ಮಾಮೂಲಿ ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ಥರಾನೇ ಇರುತ್ತದೆ, ಹೇಳದಿದ್ದರೆ ಬೆನ್ನುಹುರಿ ನೀರಿನಲ್ಲಿ ಅಮೀಬಾ ಹುಡುಕಬೇಕೆಂದು ಯಾರಿಗೂ ಹೊಳೆಯದೆ ಹೋಗಬಹುದು. 2024ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗ ಉಳಿದದ್ದು ಬೇಗ ಪತ್ತೆಯಾಗಿ ಮಿಲ್ಟೆಫೊಸಿನ್ ಅನ್ನುವ ಔಷಧಿ ಸಿಕ್ಕಿದ್ದರಿಂದ.

ಜಯನಗರದಿಂದ: ನಾನು ಶಬರಿಮಲೆಗೆ ಹೋದವಳಲ್ಲ. ಆದರೆ ಆರು ವರ್ಷ ಸಂಪಿನ ನೀರಲ್ಲೇ ಜಲನೇತಿ (ಮೂಗಿನೊಳಗೆ ನೀರು ಹಾಯಿಸಿ ತೊಳೆಯುವುದು) ಮಾಡಿದ್ದೇನೆ! ಈಗ ಕುದಿಸಿ ಆರಿಸಿದ ನೀರು ಬಿಟ್ಟು ಬೇರೆ ಮುಟ್ಟುವುದಿಲ್ಲ.

ವಿಜಯನಗರದಿಂದ: ಎಲ್ಲರಿಗೂ ಥ್ಯಾಂಕ್ಸ್. ಅವನಮ್ಮ ಒಪ್ಪಿದಳು, ಮುಳುಗಬಾರದು ಅನ್ನೋ ಷರತ್ತಿನ ಮೇಲೆ. ಮಗ ಬಚ್ಚಲಲ್ಲಿ ಬಕೆಟ್ ಮುಂದೆ ಮೂಗು ಹಿಡಿದು ಶರಣು ಕೂಗಿ ನೋಡಿದ. ನೆಗಡಿ ಬಂದವರ ಥರ ಕೇಳಿಸುತ್ತೆ.