ಅಪ್‌ಡೇಟ್: ಅಣ್ಣನ ಮೋಸ ತಿಳಿದ ಮೇಲೆ ನಿದ್ದೆಯೇ ಬರುತ್ತಿಲ್ಲ ಎಂದು ಕೇಳಿದ್ದೆ

ಮೂರು ವಾರದ ಹಿಂದೆ ಕೇಳಿದ್ದವಳು ನಾನೇ. ಬ್ಯಾಂಕ್ ಸಾಲದ ಕಾಗದವೆಂದು ನಂಬಿಸಿ ಅಣ್ಣ ನನ್ನಿಂದ ಆಸ್ತಿಯಲ್ಲಿನ ನನ್ನ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದ.

‘ಒಡಹುಟ್ಟಿದವನಲ್ಲವೇ, ಮರೆತುಬಿಡಿ’ ಎಂಬ ಸಲಹೆ ನನಗೆ ಆಗಿಬರಲಿಲ್ಲ. ಪ್ರಯತ್ನಿಸಿದೆ. ಆದರೆ ಗೌರಿ ಹಬ್ಬಕ್ಕೆ ಅವನು ತಂದುಕೊಟ್ಟಿದ್ದ ಬಾಗಿನದ ಮೊರ ಕಣ್ಣಿಗೆ ಬಿದ್ದಾಗ ಕೈ ನಡುಗಿ ನೀರಿನ ಚೊಂಬು ಜಾರಿತು.

ಕೈಹಿಡಿದದ್ದು 14416ಕ್ಕೆ ಕರೆ ಮಾಡಿ ಎಂದವರ ಮಾತು. ಅದು ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. 2022ರಲ್ಲಿ ಶುರುವಾದದ್ದು, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಆ ಕಡೆಯ ಹೆಣ್ಣುಮಗಳು ನಾನು ಅತ್ತು ಮುಗಿಸುವ ತನಕ ಕಾದರು. ಆಮೇಲೆ, ‘ನಿಮಗೆ ಕೋಪ ಯಾರ ಮೇಲೆ?’ ಎಂದರು. ಅಣ್ಣನ ಮೇಲೆ ಎನ್ನಲು ಬಾಯಿ ತೆರೆದೆ. ಬಂದ ಮಾತು ‘ಓದದೆ ಸಹಿ ಹಾಕಿದ ನನ್ನ ಮೇಲೆ’.

ಆಮೇಲೆ ಓದಿ ತಿಳಿದ ಒಂದು ಸಂಗತಿ ಎದೆಯ ಭಾರ ಇಳಿಸಿತು. ನಾವು ನೆಚ್ಚಿಕೊಂಡವರ ದ್ರೋಹವನ್ನು, ಸಂಬಂಧ ಉಳಿಯಲೆಂದು, ಮನಸ್ಸು ಕಂಡೂ ಕಾಣದಂತೆ ಇರಬಲ್ಲದು ಎಂದು ಅಮೆರಿಕದ ಮನೋವಿಜ್ಞಾನಿ ಜೆನಿಫರ್ ಫ್ರೈಡ್ 1990ರ ದಶಕದಲ್ಲೇ ಬರೆದಿದ್ದಾರೆ. ಅಪ್ಪ ಹೋದ ಮೇಲೆ ನನಗೆ ತವರೆಂದರೆ ಅಣ್ಣನೇ. ನಾನು ದಡ್ಡಿಯಾಗಿರಲಿಲ್ಲ.

ಕಳುಹಿಸದ ಪತ್ರ ಬರೆಯಿರಿ ಎಂದಿದ್ದವರಿಗೂ ಕೃತಜ್ಞಳು, ಹನ್ನೊಂದು ಪುಟವಾಯಿತು. ವಕೀಲರನ್ನೂ ಕಂಡೆ. ಮೋಸ ಗೊತ್ತಾದ ದಿನದಿಂದ 3 ವರ್ಷದೊಳಗೆ ಆ ಬಿಡುಗಡೆ ಪತ್ರದ ರದ್ದತಿಗೆ ದಾವೆ ಹೂಡಬಹುದಂತೆ, ಆತುರವಿಲ್ಲ.

ಈಗ ರಾತ್ರಿ ಐದು ಗಂಟೆ ನಿದ್ದೆ ಬರುತ್ತಿದೆ. ಅಣ್ಣನ ಕರೆಯನ್ನು ಇನ್ನೂ ಸ್ವೀಕರಿಸಿಲ್ಲ.