ಉಡುಪಿ–ಮಂಗಳೂರು: ಹೊರಡುವ ಹೊತ್ತಿಗೆ ಸೀಟು ಹುಡುಕಿಕೊಡುವ ಕಾರ್‌ಪೂಲ್ ಆ್ಯಪ್, ಯಾರಾದರೂ ಪರೀಕ್ಷೆ ಮಾಡಿದ್ದೀರಾ?

ಕಿನ್ನಿಮುಲ್ಕಿ_ಕಾರು:
ನಾನು ದಿನಾ ಉಡುಪಿಯಿಂದ ಬೈಕಂಪಾಡಿಗೆ ಕಾರಿನಲ್ಲಿ ಹೋಗುತ್ತೇನೆ. ಕಾರಿನಲ್ಲಿ ನಾನೊಬ್ಬಳೇ. ಹಿಂದಿನ ಸೀಟಿನಲ್ಲಿ ನನ್ನ ಟಿಫಿನ್ ಚೀಲ ಮಾತ್ರ. ಈಗ ಆಫೀಸಿನವರು ಒಂದು ಆ್ಯಪ್ ತಂದಿದ್ದಾರೆ. ಕಾರಿನವರು ಹೊರಡುವಾಗ ಒತ್ತಬೇಕು, ದಾರಿಯಲ್ಲಿ ಕಾಯುವವರು ಆಗಲೇ ಕೇಳಬೇಕು, ಅದು ಜೋಡಿ ಮಾಡುತ್ತದೆ. ಒಂದು ತಿಂಗಳು ಪರೀಕ್ಷೆ ಮಾಡಿ ಹೇಳು ಎಂದು ನನ್ನ ತಲೆಗೆ ಕಟ್ಟಿದ್ದಾರೆ. ಅನುಭವ ಇದ್ದವರು ಹೇಳಿ. ಎಂತ ಲೆಕ್ಕ ಇಡಬೇಕು? ಎಲ್ಲಿ ಕೈಕೊಡುತ್ತದೆ?

ಎಕ್ಸ್‌ಪ್ರೆಸ್_ಅಭಿಮಾನಿ:
ರಸ್ತೆ ಬದಿಗೆ ಬಂದು ನಿಂತರೆ ಸಾಕು, ಎಕ್ಸ್‌ಪ್ರೆಸ್ ಬಸ್ಸು ಬಂದೇ ಬರುತ್ತದೆ. ಕೈ ಕೂಡ ತೋರಿಸಬೇಕಾಗಿಲ್ಲ. ಇದಕ್ಕೆ ಆ್ಯಪ್ ಯಾಕೆ ಮಾರಾಯ್ರೇ?

ಪಡುಬಿದ್ರಿ_ಪಾಳಿ:
ಮೇಲಿನವರು ತಮಾಷೆಗೆ ಹೇಳಿದ್ದರೂ ವಿಷಯ ಅಲ್ಲೇ ಉಂಟು.

ಎರಡು ವರ್ಷದ ಹಿಂದೆ ನಮ್ಮಲ್ಲೂ ಇಂಥದ್ದೇ ಪರೀಕ್ಷೆ ಆಗಿತ್ತು. ಆರು ಕಾರು, ಹದಿನೈದು ಇಪ್ಪತ್ತು ಜನ. ಮೊದಲ ಸೋಮವಾರ ನಾನು ಪಡುಬಿದ್ರಿಯಲ್ಲಿ ಕಾರ್ಕಳ ಕ್ರಾಸ್ ಹತ್ತಿರ ನಿಂತಿದ್ದೆ. ಜೂನ್ ತಿಂಗಳು, ಕೊಡೆ ಉಲ್ಟಾ ಆಗುವಂಥ ಗಾಳಿಮಳೆ. ಫೋನಿನಲ್ಲಿ 'ಕಾರು 4 ನಿಮಿಷ' ಎಂದು ತೋರಿಸುತ್ತಿತ್ತು. ಅಷ್ಟರಲ್ಲಿ ಒಂದು ಎಕ್ಸ್‌ಪ್ರೆಸ್ ಬಂತು. ಕಂಡಕ್ಟರ್ 'ಕುಡ್ಲ, ಕುಡ್ಲ' (ತುಳುವಿನಲ್ಲಿ ಮಂಗಳೂರು) ಎಂದು ಕರೆದ, ನಾನು ಬೇಡ ಎಂದು ತಲೆ ಆಡಿಸಿದೆ. ಇನ್ನೊಂದು ಬಂತು, ಅದನ್ನೂ ಬಿಟ್ಟೆ. 4 ನಿಮಿಷ 2 ಆಯಿತು, ಆಮೇಲೆ ಮ್ಯಾಪ್‌ನಲ್ಲಿ ಕಾರಿನ ಚುಕ್ಕಿ ನನ್ನನ್ನು ದಾಟಿ ಮುಂದೆ ಹೋಯಿತು! ಕಾರಿನವರು ಫೋನ್ ನೋಡಿದ್ದು ಹೆಜಮಾಡಿ ಟೋಲ್‌ನಲ್ಲಿ ಗಾಡಿ ನಿಧಾನ ಆದಾಗ. ಹೈವೇಯಲ್ಲಿ ಓಡಿಸುವವರು ಮೆಸೇಜ್ ನೋಡಬಾರದು, ನೋಡಲಿಲ್ಲ, ಅವರದು ತಪ್ಪಲ್ಲ. ಟೋಲ್ ತನಕ ಹೋದವರು ನನಗಾಗಿ ವಾಪಸ್ ಬರುತ್ತಾರಾ? ಮೂರನೇ ಬಸ್ಸಿಗೆ ಹತ್ತಿದೆ. ಸುರತ್ಕಲ್ ತನಕ ನಿಂತೇ ಹೋದೆ, ಪ್ಯಾಂಟಿನಿಂದ ನೀರು ಇಳಿಯುತ್ತಿತ್ತು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ಜೋಡಿ ಆಗುವುದಿದ್ದರೆ ಕಾರು ಮನೆ ಬಿಡುವ ಮೊದಲೇ ಆಗಬೇಕು. ಓಡುವ ಕಾರಿಗೆ ಜನ ಹುಡುಕುವುದು ಬೇಡ.

ಬೆಳಿಗ್ಗೆ ಹೇಗೋ ನಡೆಯಿತು. ಸಂಜೆ ಪೂರ್ತಿ ಕೈಕೊಟ್ಟಿತು. ಒಬ್ಬರಿಗೆ ಐದೂವರೆಗೆ ಬಿಡುತ್ತದೆ, ಇನ್ನೊಬ್ಬರಿಗೆ ಮೀಟಿಂಗ್ ಏಳಕ್ಕೂ ಮುಗಿಯುವುದಿಲ್ಲ. ವಾಪಸ್ ಹೋಗುವುದು ಗ್ಯಾರಂಟಿ ಇಲ್ಲದಿದ್ದರೆ ಯಾರೂ ಬೆಳಿಗ್ಗೆ ಸ್ವಂತ ಬೈಕ್ ಬಿಟ್ಟು ಬರುವುದಿಲ್ಲ, ಅಲ್ವಾ? ಕೊನೆಗೆ ಆಫೀಸಿನವರೇ ಒಪ್ಪಿದರು: ಆರೂಕಾಲರೊಳಗೆ ಕಾರು ಸಿಗದಿದ್ದರೆ ಸುರತ್ಕಲ್ ಬಸ್ ಸ್ಟಾಪ್ ತನಕ ರಿಕ್ಷಾ ಬಾಡಿಗೆ ಅವರದು. ಆ ರಿಕ್ಷಾ ಬಳಸಿದವರು ತುಂಬಾ ಕಡಿಮೆ. ಆದರೆ ಅದು ಉಂಟು ಎಂದು ಗೊತ್ತಾದ ಮೇಲೆ ಹೆಸರು ಕೊಟ್ಟವರು ಜಾಸ್ತಿ.

ಆಮೇಲೆ ಸುಮ್ನೆ ಓದುತ್ತಾ ಹೋದಾಗ ನಗು ಬಂತು. ಅಮೆರಿಕದಲ್ಲಿ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ 1990ರ ದಶಕದಲ್ಲೇ ಜನರಿಗೆ ಪೇಜರ್ ಕೊಟ್ಟು ಇದೇ ಪರೀಕ್ಷೆ ಮಾಡಿದ್ದರು. ಸೀಟು ಉಂಟು ಎಂದವರು ಜಾಸ್ತಿ, ಬೇಕು ಎಂದವರು ಕಮ್ಮಿ, ಜೋಡಿ ಆದದ್ದು ಬೆರಳೆಣಿಕೆ. ನಮ್ಮ ಕಥೆಯೇ! ಆದರೆ ಅಲ್ಲಿನ ರಾಜಧಾನಿ ವಾಷಿಂಗ್ಟನ್ ಡಿ.ಸಿ. ಹತ್ತಿರ ಇದೇ ಕೆಲಸ 1970ರ ದಶಕದಿಂದ ಆ್ಯಪ್ ಇಲ್ಲದೆ ನಡೆಯುತ್ತಾ ಬಂದಿದೆ. ಜನ ಸಾಲು ನಿಲ್ಲುತ್ತಾರೆ, ಕಾರು ಬರುತ್ತದೆ, ಹತ್ತುತ್ತಾರೆ, ದುಡ್ಡಿಲ್ಲ. ಯಾಕೆಂದರೆ ಮೂರು ಜನ ಇದ್ದ ಕಾರಿಗೆ ಅಲ್ಲಿ ಬೇರೆ ಲೇನ್, ಕಾರಿನವರಿಗೂ ಟೈಮ್ ಉಳಿಯುತ್ತದೆ. ನಮ್ಮಲ್ಲಿ ಮೂರು ಜನ ಕೂತರೂ ಕೂಳೂರು ಸೇತುವೆಯಲ್ಲಿ ಅದೇ ಸಾಲು.

ನಾಲ್ಕನೇ ವಾರಕ್ಕೆ ಆ್ಯಪ್ ಯಾರೂ ತೆರೆಯುತ್ತಿರಲಿಲ್ಲ. ಪರೀಕ್ಷೆ ಫೇಲ್ ಎಂದು ವರದಿ ಹೋಯಿತು. ಆದರೆ ನಾವು ಮೂವರು ಇವತ್ತಿಗೂ ಒಂದೇ ಕಾರಿನಲ್ಲಿ ಹೋಗುತ್ತಿದ್ದೇವೆ. ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ 'ನಾಳೆ ಉಂಟಾ?', 'ಉಂಟು', ಮುಗಿಯಿತು. ನೀವು ಆ್ಯಪ್‌ನ ಜೋಡಿ ಲೆಕ್ಕ ಮಾತ್ರ ಇಟ್ಟರೆ ನಮ್ಮಂಥವರು ಸೊನ್ನೆ. ಗೇಟಿನಲ್ಲಿ ನಿಂತು ಒಳಗೆ ಬರುವ ಕಾರು ಎಷ್ಟು, ಅದರಲ್ಲಿ ಜನ ಎಷ್ಟು ಎಂದು ಎಣಿಸಿ. ಶುರು ಮಾಡುವ ಮೊದಲೂ ಎಣಿಸಿ. ಮೂರು ತಿಂಗಳ ಮೇಲೆ ಮತ್ತೆ ಎಣಿಸಿ.

ಬಿಳಿಬೋರ್ಡ್:
ದುಡ್ಡಿನ ವಿಷಯ ಜಾಗ್ರತೆ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಬಿಳಿ ಬೋರ್ಡ್ ಗಾಡಿಯಲ್ಲಿ ಬಾಡಿಗೆಗೆ ಜನ ಹತ್ತಿಸುವ ಹಾಗಿಲ್ಲ. ಕೇಂದ್ರ 2020ರಲ್ಲಿ ತಂದ ಮಾರ್ಗಸೂಚಿಯಲ್ಲಿ, ರಾಜ್ಯ ಬೇಡ ಎನ್ನದಿದ್ದರೆ ಖಾಸಗಿ ಕಾರಿನಲ್ಲೂ ಪೂಲಿಂಗ್ ಆಗಬಹುದು ಎಂದಿತ್ತು. ಅದರಲ್ಲೂ ಊರೊಳಗೆ ದಿನಕ್ಕೆ ನಾಲ್ಕು ಟ್ರಿಪ್, ಊರಿಂದ ಊರಿಗೆ ವಾರಕ್ಕೆ ಎರಡೇ ಎಂದಿತ್ತು. ಉಡುಪಿಯಿಂದ ದಿನಾ ಬರುವವರಿಗೆ ಸೋಮವಾರ ಸಂಜೆಗೇ ಕೋಟಾ ಮುಗಿಯುತ್ತಿತ್ತು! ಆ್ಯಪ್‌ನಲ್ಲಿ ಕಿಲೋಮೀಟರಿಗೆ ಇಷ್ಟು ಎಂದು ದರ ಇದ್ದರೆ ಅದನ್ನು ಮೊದಲು ಬಂದ್ ಮಾಡಿಸಿ. ಇನ್ಶೂರೆನ್ಸ್‌ನವರನ್ನೂ ಒಂದು ಮಾತು ಕೇಳಿಡಿ.

ಕಿನ್ನಿಮುಲ್ಕಿ_ಕಾರು:
ಎಲ್ಲರಿಗೂ ಥ್ಯಾಂಕ್ಸ್. ದರ ತೆಗೆಸುತ್ತೇನೆ. ಸಂಜೆಯ ರಿಕ್ಷಾಕ್ಕೆ ಎಚ್‌ಆರ್ ಹತ್ತಿರ ಬರೆಸಿಕೊಳ್ಳುತ್ತೇನೆ, ಬಾಯಿಮಾತು ಬೇಡ. ಗೇಟಿನ ವಾಚ್‌ಮನ್‌ಗೆ ನೋಟ್‌ಬುಕ್ ಆಗಲೇ ಕೊಟ್ಟಾಯಿತು. ಪಡುಬಿದ್ರಿಯವರೇ, ಇನ್ನೊಂದು ಕೇಳಲಾ? ಅಲ್ಲಿ ಜನ ಹತ್ತಿಸಿಕೊಳ್ಳಲು ಎಲ್ಲಿ ನಿಲ್ಲಿಸುವುದು?

ಪಡುಬಿದ್ರಿ_ಪಾಳಿ:
ಕ್ರಾಸ್‌ನಲ್ಲಿ ಬೇಡ, ಬಸ್ಸು ನಿಲ್ಲುವ ಜಾಗದಲ್ಲಂತೂ ಬೇಡವೇ ಬೇಡ. ಹಿಂದಿನಿಂದ ಎಕ್ಸ್‌ಪ್ರೆಸ್‌ನವ ಹಾರ್ನ್ ಹಾಕಿದರೆ ಬಾಗಿಲು ಮುಚ್ಚುವ ಮೊದಲೇ ಗಾಡಿ ತೆಗೆಯಬೇಕಾಗುತ್ತದೆ. ಕ್ರಾಸ್ ದಾಟಿ ಸ್ವಲ್ಪ ಮುಂದೆ ಎಡಕ್ಕೆ ಹಾಕಿ. ಹತ್ತುವವರು ಅಷ್ಟು ದೂರ ನಡೆಯಲಿ. ಮಳೆ ಬಂದರೂ ನಡೆಯಲಿ, ನಾನು ನಡೆಯುತ್ತೇನೆ.