ಪ್ಲಾಂಕ್ 2 ನಿಮಿಷ ಹಿಡಿಯುತ್ತಾರೆ, ಆದರೂ ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ಬೀಳುತ್ತದೆ. ಕೋರ್ ವ್ಯಾಯಾಮ ಬದಲಿಸಬೇಕೇ?

ವಾಲಿಬಾಲ್ ಕೋಚ್ (ಪ್ರಶ್ನೆ)

ಹದಿನೈದರಿಂದ ಹದಿನೆಂಟರ ವಯಸ್ಸಿನ ಹುಡುಗಿಯರ ತಂಡ. ವಾರಕ್ಕೆ ಮೂರು ದಿನ ಅಭ್ಯಾಸದ ಕೊನೆಗೆ ಪ್ಲಾಂಕ್ (ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು) 2 ನಿಮಿಷ, ಕ್ರಂಚ್ (ಅಂಗಾತ ಮಲಗಿ ಭುಜ ಎತ್ತುವುದು) 50, ಲೆಗ್ ರೈಸ್ (ಮಲಗಿ ಕಾಲೆತ್ತುವುದು) 20. ಎಲ್ಲರೂ ಸಲೀಸಾಗಿ ಮುಗಿಸುತ್ತಾರೆ. ಆದರೆ ಸ್ಪೈಕ್ ಹೊಡೆದು ಇಳಿಯುವುದನ್ನು ಮೊಬೈಲ್‌ನಲ್ಲಿ ಸ್ಲೋ ಮೋಷನ್ ಹಿಡಿದು ನೋಡಿದರೆ ಕೆಲವರ ಮಂಡಿ ಒಳಕ್ಕೆ ಬೀಳುತ್ತದೆ, ಹೆಚ್ಚಾಗಿ ಎಡಗಾಲಿನದು. ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಅಂದರೆ ಗಟ್ಟಿ ನಾರು) ಉಳಿಯಬೇಕಾದರೆ ಕೋರ್, ಅಂದರೆ ಹೊಟ್ಟೆ, ಬೆನ್ನು, ಸೊಂಟದ ಸ್ನಾಯುಗಳು ಗಟ್ಟಿಯಾಗಬೇಕು ಅನ್ನುತ್ತಾರಲ್ಲ, ಹಾಗಾದರೆ ಇದನ್ನೇ ಇನ್ನೂ ಜಾಸ್ತಿ ಮಾಡಿಸಲೇ, ಬೇರೆ ಏನಾದರೂ ಬೇಕೇ? ಒಬ್ಬಳಿಗೆ ಎಸಿಎಲ್ ಆಪರೇಷನ್ ಆಗಿ 7 ತಿಂಗಳಾಗಿದೆ, ಅವಳನ್ನೂ ಸೇರಿಸಿಕೊಳ್ಳಬಹುದೇ?

ಕ್ರೀಡಾ ಫಿಸಿಯೋ

ಬೇರೆಯೇ ಬೇಕು ಸರ್. ಪ್ಲಾಂಕ್‌ನಲ್ಲಿ ಮೈ ಅಲುಗುವುದಿಲ್ಲ, ಯಾರೂ ತಳ್ಳುವುದಿಲ್ಲ, ಮುಂದೇನು ಅಂತ ಮೊದಲೇ ಗೊತ್ತಿರುತ್ತದೆ. ಎಸಿಎಲ್ ಹರಿಯುವ ಗಳಿಗೆ ಇದಕ್ಕೆ ತದ್ವಿರುದ್ಧ. ಗಾಯವಾದ ಕ್ಷಣದ ವಿಡಿಯೋಗಳನ್ನು ವಿಶ್ಲೇಷಿಸಿದಾಗ, ಪಾದ ನೆಲಕ್ಕೆ ತಾಗಿದ ಸುಮಾರು 40 ಮಿಲಿಸೆಕೆಂಡಿಗೇ ಲಿಗಮೆಂಟ್ ಹರಿಯುವಂತೆ ಕಾಣುತ್ತದೆ. ವಾಲಿದ್ದನ್ನು ತಿಳಿದು ಸ್ನಾಯು ಬಿಗಿಯಲು ಅಷ್ಟರಲ್ಲಿ ಸಮಯವೇ ಸಿಗುವುದಿಲ್ಲ. ಹೊಟ್ಟೆ, ಬೆನ್ನು, ಸೊಂಟದ ಸ್ನಾಯುಗಳು ಕಾಲು ತಾಗುವ ಮೊದಲೇ ಬಿಗಿದಿರಬೇಕು.

ಮೈತೂಕದ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಸೊಂಟದಿಂದ ಮೇಲಿದೆ. ಒಂಟಿಕಾಲಲ್ಲಿ ಇಳಿಯುವಾಗ ಆ ಭಾರ ಅದೇ ಕಾಲಿನ ಕಡೆ ಹೊರಕ್ಕೆ ವಾಲಿದರೆ, ನೆಲದಿಂದ ಮೇಲೆ ಬರುವ ಬಲ ಮಂಡಿಯ ಹೊರಪಕ್ಕದಿಂದ ಹಾಯುತ್ತದೆ, ಮಂಡಿ ಒಳಕ್ಕೆ ಬೀಳುತ್ತದೆ. ಬೆನ್ನು ನೆಟ್ಟಗಿಟ್ಟು ಹಿಂದಕ್ಕೆ ವಾಲಿ ಇಳಿದರೆ ಇನ್ನೊಂದು ತೊಂದರೆ. ತೊಡೆಯ ಮುಂಭಾಗದ ಸ್ನಾಯು ಮಂಡಿಯ ಕೆಳಗಿನ ಮೂಳೆಯನ್ನು ಮುಂದಕ್ಕೆಳೆಯುತ್ತದೆ, ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ಸಾಕಷ್ಟು ತಡೆ ಸಿಗುವುದಿಲ್ಲ. ಆ ಎಳೆತವನ್ನು ಹೆಚ್ಚಾಗಿ ಎಸಿಎಲ್ಲೇ ತಾಳಬೇಕಾಗುತ್ತದೆ.

ಇಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನವನ್ನು ನೆನೆಯಲೇಬೇಕು. 277 ಕಾಲೇಜು ಕ್ರೀಡಾಪಟುಗಳ ಸೊಂಟವನ್ನು ಅಲುಗದಂತೆ ಹಿಡಿದಿಟ್ಟು, ಎದೆಗೆ ಕಟ್ಟಿದ ಕೇಬಲ್ಲಿಗೆ ಎದುರಾಗಿ ಮೈಯಿಂದ ಬಲ ಹಾಕಿಸಿ, ಅದನ್ನು ತಟ್ಟನೆ ಬಿಟ್ಟು, ಮೈ ಎಷ್ಟು ದೂರ ಸರಿಯುತ್ತದೆಂದು ಅಳೆದರು. 3 ವರ್ಷದಲ್ಲಿ 25 ಮಂದಿಗೆ ಮಂಡಿ ಗಾಯವಾಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೈ ಪಕ್ಕಕ್ಕೆ ಹೆಚ್ಚು ಸರಿಯುವುದೇ ಲಿಗಮೆಂಟ್ ಗಾಯದ ಅತಿ ಬಲವಾದ ಮುನ್ಸೂಚನೆ. ಹೆಣ್ಣುಮಕ್ಕಳಲ್ಲಿ ಈ ಸಂಬಂಧ ಎದ್ದು ಕಂಡಿತು. ಗಂಡುಮಕ್ಕಳಲ್ಲಿ ಹಿಂದೆ ಬೆನ್ನುನೋವು ಬಂದಿತ್ತೇ ಎಂಬುದೊಂದೇ ಮುನ್ಸೂಚನೆ ಕೊಟ್ಟಿತು. ಗಾಯಗಳ ಸಂಖ್ಯೆ ಸಣ್ಣದು, ಇದನ್ನೇ ಕೊನೆಯ ಮಾತು ಅನ್ನಲಾಗದು. ಆದರೂ ಅಲ್ಲಿ ಅಳೆದದ್ದು ಎಷ್ಟು ಹೊತ್ತು ಹಿಡಿದರು ಅಂತಲ್ಲ, ತಟ್ಟನೆ ಬಿಟ್ಟಾಗ ಮೈ ಎಷ್ಟು ಸರಿಯಿತು ಅಂತ.

ಸ್ಟ್ರೆಂತ್ ಟ್ರೇನರ್

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ. ವ್ಯಾಯಾಮ ಬದಲಿಸುವ ಮೊದಲು ವಿಡಿಯೋ ಸರಿಯಾಗಿ ತೆಗೆಯಿರಿ. ಕ್ಯಾಮೆರಾ ನೇರ ಎದುರಿಗೆ, ಮಂಡಿಯ ಎತ್ತರಕ್ಕೆ ಇರಲಿ, ತಲೆಯಿಂದ ಪಾದದವರೆಗೆ ಕಾಣಲಿ. ಪಾದ ತಾಗಿದ ಫ್ರೇಮಿನಿಂದ ಮಂಡಿ ಪೂರ್ತಿ ಬಾಗಿದ ಫ್ರೇಮಿನವರೆಗೆ ಒಂದೊಂದಾಗಿ ನೋಡಿ. ಎದೆ ಇಳಿದ ಕಾಲಿನ ಕಡೆಗೆ ವಾಲಿದ್ದರೆ ದೋಷ ಮೇಲಿದೆ. ಎದುರುಬದಿಯ ಸೊಂಟ ಕೆಳಕ್ಕೆ ಜಾರಿದ್ದರೆ, ಇಳಿದ ಕಾಲಿನ ಕಡೆಯ ಗ್ಲೂಟಿಯಸ್ ಮೀಡಿಯಸ್ (ಸೊಂಟದ ಪಕ್ಕದ ಸ್ನಾಯು) ಸೋತಿದೆ. ಎಷ್ಟೋ ಸಲ ಆ ಸ್ನಾಯು ಸೋತದ್ದಕ್ಕೇ ಮೈ ವಾಲುತ್ತದೆ, ಹಾಗಾಗಿ ಎರಡಕ್ಕೂ ಕೆಲಸ ಕೊಡಿ.

ಎಡಗಾಲೇ ಯಾಕೆ? ಬಲಗೈಯಲ್ಲಿ ಹೊಡೆಯುವವರು ಚೆಂಡು ತಲೆಯ ಎಡಕ್ಕೋ ಹಿಂದಕ್ಕೋ ಬಂದಾಗ ಎಡಕ್ಕೆ ವಾಲಿ ಹೊಡೆದು ಎಡಗಾಲೊಂದರಲ್ಲೇ ಇಳಿಯುತ್ತಾರೆ. ಇದು ಜಿಗಿಯುವ ಮೊದಲಿನ ಓಟದ ಟೈಮಿಂಗ್ ದೋಷ. ಚೆಂಡು ಬಲಭುಜದ ಮುಂದೆ ಸಿಗುವಂತೆ ಓಟ ತಿದ್ದಿ, ಎರಡೂ ಕಾಲಲ್ಲಿ ಇಳಿಸಿ. ಇದನ್ನು ಬಿಟ್ಟು ಯಾವ ವ್ಯಾಯಾಮ ಮಾಡಿಸಿದರೂ ಅರ್ಧ ಕೆಲಸ.

ಕ್ರಂಚ್ ಕೈಬಿಡಿ. ಅಭ್ಯಾಸದ ಕೊನೆಗಲ್ಲ, ಶುರುವಿಗೇ ಹದಿನೈದಿಪ್ಪತ್ತು ನಿಮಿಷ ಕೊಡಿ. ದಣಿದ ಮೈ ತಪ್ಪು ಇಳಿತವನ್ನೇ ರೂಢಿ ಮಾಡಿಕೊಳ್ಳುತ್ತದೆ. ಮೊದಲು ಸೈಡ್ ಪ್ಲಾಂಕ್ (ಒಂದು ಮಗ್ಗುಲಾಗಿ ಒಂದೇ ಮೊಣಕೈ ಊರಿ ಮೈ ನೇರ ಹಿಡಿಯುವುದು), ಪ್ರತಿ ಬದಿಗೆ 20ರಿಂದ 30 ಸೆಕೆಂಡು, 3 ಸಲ. ಸುಲಭವಾದ ಮೇಲೆ ಹೊತ್ತು ಹೆಚ್ಚಿಸಬೇಡಿ, ಮೇಲಿನ ಕಾಲನ್ನು ಎತ್ತಿಸಿ. ಆಮೇಲೆ ಪಾಲೋಫ್ ಪ್ರೆಸ್: ರಬ್ಬರ್ ಬ್ಯಾಂಡನ್ನು ಎದೆಮಟ್ಟದಲ್ಲಿ ಕಂಬಕ್ಕೆ ಕಟ್ಟಿ, ಕಂಬ ಪಕ್ಕಕ್ಕೆ ಬರುವಂತೆ ನಿಂತು, ಎರಡೂ ಕೈ ಮುಂದಕ್ಕೆ ಚಾಚಿ 3 ಸೆಕೆಂಡು ತಡೆಯುವುದು, ಬದಿಗೆ 8ರಿಂದ 10. ಕೈ ಚಾಚುವಾಗ ಉಸಿರು ಬಿಡಬೇಕು. ಹೆಚ್ಚಿನವರು ಉಸಿರು ಕಟ್ಟಿ, ಬೆನ್ನು ಬಿಲ್ಲಿನಂತೆ ಬಗ್ಗಿಸಿ ಮೋಸ ಮಾಡುತ್ತಾರೆ. ಬ್ಯಾಂಡ್ ಕಡೆಗೆ ಎದೆ ತಿರುಗಿತೆಂದರೆ ಬಿಗಿ ಜಾಸ್ತಿಯಾಗಿದೆ, ಒಂದು ಹೆಜ್ಜೆ ಹತ್ತಿರ ನಿಲ್ಲಿಸಿ.

ನಿಜವಾದ ಫಲ ಮುಂದಿನದರಲ್ಲಿದೆ. ಒಂಟಿಕಾಲಲ್ಲಿ ಮಂಡಿ ತುಸು ಬಾಗಿಸಿ ನಿಲ್ಲಿಸಿ, ಜೊತೆಗಾತಿ ಭುಜವನ್ನು ಹೇಳದೆ ಕೇಳದೆ ಬೇರೆ ಬೇರೆ ದಿಕ್ಕಿನಿಂದ ಮೆಲ್ಲಗೆ ತಳ್ಳಲಿ. ಕಾಲಿಗೆ 30 ಸೆಕೆಂಡು, 2 ಸಲ. ಫುಟ್‌ಬಾಲ್ ಆಟಗಾರರ ಗಾಯ ತಡೆಯಲು ಮಾಡಿದ ಫಿಫಾ 11+ ವಾರ್ಮ್‌ಅಪ್ ಕಾರ್ಯಕ್ರಮದಲ್ಲೂ ಇದರ ಒಂದು ರೂಪವಿದೆ. ನಂತರ 30 ಸೆಂಟಿಮೀಟರ್ ಪೆಟ್ಟಿಗೆಯಿಂದ ಎರಡು ಕಾಲಲ್ಲಿ ಇಳಿದು 3 ಸೆಕೆಂಡು ಅಲುಗದೆ ನಿಲ್ಲುವುದು, 5 ಇಳಿತ, 3 ಸುತ್ತು. ‘ಸದ್ದಾಗದಂತೆ ಇಳಿ’ ಅನ್ನಿ ಸಾಕು. ‘ಮಂಡಿ ಹೊರಗಿಡು, ಬೆನ್ನು ನೋಡಿಕೋ’ ಅಂತ ಒಟ್ಟಿಗೆ ನಾಲ್ಕು ಮಾತು ಹೇಳಿದರೆ ಮೈ ಸೆಟೆದುಕೊಳ್ಳುತ್ತದೆ. ಮೂರೂ ಸುತ್ತಿನಲ್ಲಿ ಮಂಡಿ ಪಾದದ ನೇರಕ್ಕೆ ಉಳಿದರೆ ಮಾತ್ರ 15 ಸೆಂಟಿಮೀಟರಿನಿಂದ ಒಂಟಿಕಾಲಿಗೆ ಹೋಗಿ, ಅದಾದ ಮೇಲೆ ಗಾಳಿಯಲ್ಲಿ ಚೆಂಡು ಹಿಡಿದು ಇಳಿಯುವುದು.

ಇವುಗಳ ಜೊತೆ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ (ಮಂಡಿಯೂರಿ, ಜೊತೆಗಾತಿ ಹಿಮ್ಮಡಿ ಹಿಡಿದಿರುವಾಗ ಮೈಯನ್ನು ನಿಧಾನಕ್ಕೆ ಮುಂದಕ್ಕೆ ಬಾಗಿಸುವುದು) ಇರಲೇಬೇಕು. ಶುರುವಿಗೆ 3ರಿಂದ 5 ಸಾಕು, ಮೊದಲ ವಾರ ತೊಡೆ ಚೆನ್ನಾಗಿ ನೋಯುತ್ತದೆ. ಪಂದ್ಯದ ಹಿಂದಿನ ದಿನ ಬೇಡ. ಸೀಸನ್ ಶುರುವಾಯಿತೆಂದು ಇಡೀ ಕಾರ್ಯಕ್ರಮ ನಿಲ್ಲಿಸಬೇಡಿ, ವಾರಕ್ಕೆ ಎರಡು ಸಲವಾದರೂ ನಡೆಯಲಿ.

ಕ್ರೀಡಾ ಫಿಸಿಯೋ

ಆಪರೇಷನ್ ಆದವಳ ಬಗ್ಗೆ: ಜಿಗಿತ, ತಳ್ಳಾಟ ತಂಡದ ಜೊತೆ ಬೇಡ. ಆಟಕ್ಕೆ ಮರಳುವುದಕ್ಕೆ 9 ತಿಂಗಳು ಕನಿಷ್ಠ, ಅದೂ ತೊಡೆಯ ಬಲ ಮತ್ತು ಒಂಟಿಕಾಲ ಜಿಗಿತ ಎರಡೂ ಇನ್ನೊಂದು ಕಾಲಿನ 90 ಪ್ರತಿಶತ ಮುಟ್ಟಿದರೆ. ಈ ಅಳತೆಯಲ್ಲೂ ಒಂದು ಮೋಸವಿದೆ: ಇಷ್ಟು ತಿಂಗಳು ಆಡದೆ ಒಳ್ಳೆಯ ಕಾಲೂ ಸೊರಗಿರುತ್ತದೆ, ಹಾಗಾಗಿ 90 ಬಂದರೂ ನಿಜವಾದ ಬಲ ಕಡಿಮೆಯೇ ಇರಬಹುದು. ಗಾಯಕ್ಕೆ ಮುಂಚಿನ ಅಳತೆಯಿದ್ದರೆ ಅದರ ಜೊತೆ ಹೋಲಿಸಲು ಅವಳ ಫಿಸಿಯೋಗೆ ಹೇಳಿ. ಡೆಡ್ ಬಗ್ (ಅಂಗಾತ ಮಲಗಿ ಎದುರುಬದುರು ಕೈಕಾಲು ಚಾಚುವುದು), ಪಾಲೋಫ್ ಪ್ರೆಸ್, ಮಂಡಿಯೂರಿದಾಗ ನೋವಿಲ್ಲದಿದ್ದರೆ ಮಂಡಿಯೂರಿ ಸೈಡ್ ಪ್ಲಾಂಕ್, ಇಷ್ಟನ್ನು ಫಿಸಿಯೋ ಒಪ್ಪಿದರೆ ಈಗಲೇ ಎಲ್ಲರ ಜೊತೆ ಮಾಡಬಹುದು. ಮರುದಿನ ಮಂಡಿ ಊದಿಕೊಂಡರೆ ಹಿಂದಿನ ದಿನದ ಹೊರೆ ಜಾಸ್ತಿಯಾಯಿತೆಂದು ತಿಳಿದು ಇಳಿಸಿ.